ಅಂಟುಮಾವನ ಮೂವತ್ತು ದಿನ

ನಮ್ಮ ಓಣಿಯ ಮಕ್ಕಳೆಲ್ಲ ನನ್ನ ಚಿಕ್ಕಪ್ಪನನ್ನು ಅಂಟುಮಾವ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ನಗರದ ಕಚೇರಿಯಲ್ಲಿ ಅವನು ಜವಾನ. ಚಹಾ ತರುವುದು, ಕಡತ ಹೊರುವುದು ಬೇರೆಯವರ ಪಾಲು. ಇವನದು ನೋಟೀಸು ಅಂಟಿಸುವ ಕೆಲಸ. ನಾಳೆ ನೀರು ಬರುವುದಿಲ್ಲ, ನಾಡಿದ್ದು ರಸ್ತೆ ಅಗೆಯುತ್ತೇವೆ, ಮತದಾರರ ಪಟ್ಟಿ ಬಂದಿದೆ, ಇಂಥವರ ಮನೆ ಹರಾಜಿಗಿದೆ ಎಂದು ಸರ್ಕಾರ ಊರಿಗೆ ಏನು ಹೇಳಬೇಕೆಂದರೂ ಅದು ನನ್ನ ಚಿಕ್ಕಪ್ಪನ ಕೈ ದಾಟಿಯೇ ಗೋಡೆಗೆ ಬರಬೇಕಿತ್ತು. ಮೂವತ್ತೊಂದು ವರ್ಷ ಅದನ್ನೇ ಮಾಡಿದ.

ಅವನು ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಊಟ, ನಮ್ಮ ಮನೆಯ ಹೊರಗಿನ ಕೋಣೆಯಲ್ಲೇ ನಿದ್ದೆ. ಬೆಳಿಗ್ಗೆ ಎದ್ದವನೇ ಅಡುಗೆಮನೆಗೆ ಬಂದು ತಗಡಿನ ಡಬ್ಬಿಯಲ್ಲಿ ಮೈದಾ ಹಿಟ್ಟು ಕದಡಿ ಒಲೆಯ ಮೇಲಿಡುತ್ತಿದ್ದ. ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದ. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಒಂದು ದಿನ ನಿನ್ನ ಡಬ್ಬಿ ಯಾವುದು, ಹಾಲಿನ ಪಾತ್ರೆ ಯಾವುದು ಅಂತ ಗೊತ್ತಾಗದೆ ನಿಮ್ಮಣ್ಣಂಗೆ ಅದನ್ನೇ ಬಗ್ಗಿಸಿ ಕೊಡ್ತೀನಿ ನೋಡು," ಎನ್ನುತ್ತಿದ್ದಳು.

"ಕೊಡು ಅತ್ತಿಗೆ. ಅಣ್ಣನ ಬಾಯಿ ಒಂದು ದಿನ ಅಂಟಿಕೊಂಡ್ರೆ ಓಣಿಗೇ ನೆಮ್ಮದಿ," ಎನ್ನುತ್ತಿದ್ದ ಚಿಕ್ಕಪ್ಪ.

ಅವನು ಅಂಟಿಸಿದ ಕಾಗದ ಮಳೆಗೂ ಬಿಡುವುದಿಲ್ಲ, ಬಿಸಿಲಿಗೂ ಬಿಡುವುದಿಲ್ಲ. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೇ ಇತ್ತು. ಒರಟು ಗೋಡೆಯ ಮೇಲೆ ನೇರವಾಗಿ ಅಂಟಿಸಬಾರದು, ಹಳೆಯ ಕಾಗದ ಎಲ್ಲಿದೆಯೋ ಅದರ ಮೇಲೆ ಹೊಸದನ್ನು ಕೂರಿಸಬೇಕು, ಕಾಗದಕ್ಕೆ ಕಾಗದವೇ ಒಳ್ಳೆಯ ಜೊತೆ ಎಂದು ನನಗೇ ಎಷ್ಟೋ ಸಲ ಹೇಳಿದ್ದ. ಆದರೆ ಅಂಟಿಸಿದ್ದನ್ನು ಅವನು ಓದುತ್ತಿರಲಿಲ್ಲ. ಓದು ಬರುತ್ತಿತ್ತು, ಓದುತ್ತಿರಲಿಲ್ಲ ಅಷ್ಟೆ. ಯಾಕೆ ಎಂದು ಕೇಳಿದರೆ, "ಅಂಟಿಸೋನು ಓದ್ತಾ ನಿಂತ್ರೆ ಅಂಟು ಒಣಗಿಹೋಗುತ್ತೆ ಕಣೇ," ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ನಮ್ಮದು ಹಗ್ಗದವರ ಓಣಿ. ಇಪ್ಪತ್ತೆರಡು ಮನೆ. ಓಣಿಯ ಹಿಂದೆ ಇನ್ನೂರು ಹೆಜ್ಜೆ ಉದ್ದದ, ಹದಿನೈದು ಹೆಜ್ಜೆ ಅಗಲದ ಒಂದು ಬಯಲಿದೆ. ಒಂದು ತುದಿಯಲ್ಲಿ ರಾಟೆಗಳು, ಇನ್ನೊಂದು ತುದಿಯಲ್ಲಿ ಹಳೆಯ ಉಗ್ರಾಣದ ಒಂದು ಗೋಡೆ. ಒಬ್ಬರು ರಾಟೆ ತಿರುಗಿಸುತ್ತಾರೆ. ಇನ್ನೊಬ್ಬರು ಸೊಂಟಕ್ಕೆ ನಾರಿನ ಹೊರೆ ಸುತ್ತಿಕೊಂಡು, ಎಳೆಯ ಮೊದಲನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿಯಿಂದ ನಾರು ಬಿಡುತ್ತಾ ಹಿಂದಕ್ಕೆ ನಡೆಯುತ್ತಾರೆ. ಕಣ್ಣು ಎಳೆಯ ಮೇಲಿರಬೇಕು. ಕಣ್ಣು ತಪ್ಪಿದರೆ ಎಳೆ ಗಂಟಾಗುತ್ತದೆ. ಗೋಡೆಗೆ ಬೆನ್ನು ತಾಗಿದಾಗ ಒಂದು ಎಳೆ ಮುಗಿಯಿತು ಎಂದು ಅರ್ಥ. ಅದನ್ನು ಗೋಡೆಯ ಕೊಕ್ಕೆಗೆ ಕಟ್ಟಿ, ಮತ್ತೆ ರಾಟೆಯ ಕಡೆಗೆ ಹೋಗುವುದು. ನಮ್ಮವರು ಜೀವಮಾನದಲ್ಲಿ ಮುಂದಕ್ಕೆ ನಡೆದಷ್ಟೇ ಹಿಂದಕ್ಕೂ ನಡೆದಿದ್ದಾರೆ, ಅದಕ್ಕೇ ಎಲ್ಲೂ ತಲುಪಿಲ್ಲ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಹಗ್ಗಕ್ಕೆ ಉದ್ದ ಬೇಕೆಂದರೆ ನೆಲಕ್ಕೂ ಉದ್ದ ಬೇಕು. ಮನೆಯೊಳಗೆ ಕೂತು ಹೊಸೆದರೆ ಅದು ದಾರವಾದೀತು, ಹಗ್ಗವಾಗದು.

ಆ ಬಯಲು ನಮ್ಮದಲ್ಲ, ಸರ್ಕಾರದ್ದು. ಅಪ್ಪನ ಮುತ್ತಜ್ಜನ ಕಾಲದಿಂದ ನಾವು ಅಲ್ಲಿ ನಡೆದಿದ್ದೇವೆ ಎನ್ನುವುದೊಂದೇ ನಮ್ಮ ಹಕ್ಕು. ಚಿಕ್ಕಪ್ಪನೂ ಅಲ್ಲೇ ಹುಟ್ಟಿ ಬೆಳೆದವನು. ಇಪ್ಪತ್ತೇಳನೆಯ ವಯಸ್ಸಿಗೆ ನಾರಿನ ಧೂಳು ಎದೆಗೆ ಕೂತು ಕೆಮ್ಮು ಹತ್ತಿತು. ಅಪ್ಪನೇ ಯಾರ್ಯಾರದೋ ಕಾಲು ಹಿಡಿದು ಅವನನ್ನು ಕಚೇರಿಗೆ ಸೇರಿಸಿದ.

ಭಾನುವಾರ ಮಾತ್ರ ಚಿಕ್ಕಪ್ಪ ಅಂಗಡಿಯವರ ಪೋಸ್ಟರು ಅಂಟಿಸುತ್ತಿದ್ದ. ಕಚೇರಿಯವರಿಗೂ ಅದು ಗೊತ್ತಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಅದೇ ಡಬ್ಬಿ, ಅದೇ ಕುಂಚ, ಅದೇ ಕೈ.

ಕಚೇರಿಯಲ್ಲಿ ಇನ್ನೊಂದು ರೂಢಿ ಇತ್ತು. ನೋಟೀಸು ಅಂಟಿಸಿದ ದಿನ ಚಿಕ್ಕಪ್ಪ ಒಂದು ಕಾಗದಕ್ಕೆ ಸಹಿ ಹಾಕಬೇಕು: ಇಂಥ ದಿನ, ಇಂಥ ಕಡೆ ಅಂಟಿಸಿದ್ದೇನೆ. ಮೂವತ್ತನೇ ದಿನ ಹೋಗಿ ನೋಡಿಕೊಂಡು ಬಂದು ಇನ್ನೊಂದಕ್ಕೆ ಸಹಿ ಹಾಕಬೇಕು: ಮೂವತ್ತು ದಿನವೂ ಎಲ್ಲರಿಗೂ ಕಾಣುವಂತೆ ಇತ್ತು. ಗುಮಾಸ್ತನಿಗೆ ಎರಡು ಸಲದ ತಾಪತ್ರಯ ಬೇಡ. "ಆಮೇಲೆ ನಿನ್ನ ಹುಡುಕ್ಕೊಂಡು ನಾನೆಲ್ಲಿ ಅಲೀಲಿ? ಇದಕ್ಕೂ ಒಂದು ಹಾಕ್ಬಿಡು," ಎಂದು ಮೊದಲ ದಿನವೇ ಎರಡನ್ನೂ ಮುಂದೆ ತಳ್ಳುತ್ತಿದ್ದ. ಚಿಕ್ಕಪ್ಪ ಎರಡಕ್ಕೂ ಹಾಕುತ್ತಿದ್ದ. ಹೇಗೂ ನನ್ನ ಅಂಟು ಬಿಡುವುದಿಲ್ಲವಲ್ಲ ಎನ್ನುವ ಧೈರ್ಯ. ಎಷ್ಟೋ ವರ್ಷ ಹೀಗೇ ನಡೆದು ಒಂದು ಸಲವೂ ಎಡವಟ್ಟಾಗಿರಲಿಲ್ಲ.

ಎಡವಟ್ಟಾದದ್ದು ನಮ್ಮದೇ ಬಯಲಿನ ವಿಷಯದಲ್ಲಿ. ಒಂದು ಸಾಗಣೆ ಕಂಪನಿಗೆ ಲಾರಿ ನಿಲ್ಲಿಸುವ ಜಾಗ ಬೇಕಾಗಿತ್ತು. ಅವರು ಕಚೇರಿಗೆ ಅರ್ಜಿ ಹಾಕಿದರು, ಕಚೇರಿ ನೋಟೀಸು ಹೊರಡಿಸಿತು. ಒಂದು ಮಂಗಳವಾರ ಚಿಕ್ಕಪ್ಪನ ಕೈಗೆ ಬೇರೆ ಕಾಗದಗಳ ಜೊತೆ ಅದರ ಮೂರು ಪ್ರತಿ ಬಂದವು. ಒಂದನ್ನು ಕಚೇರಿಯ ಗೇಟಿನ ಪಕ್ಕ ಅಂಟಿಸಿದ, ಒಂದನ್ನು ಅಂಚೆಮನೆಯ ಹಲಗೆಗೆ. ಮೂರನೆಯದು ಹಗ್ಗದ ಬಯಲಿಗೆ ಎಂದು ಗುಮಾಸ್ತ ಮೂಲೆಯಲ್ಲಿ ಬರೆದಿದ್ದ. ಚಿಕ್ಕಪ್ಪ ಉಗ್ರಾಣದ ಗೋಡೆಗೆ ಅದನ್ನು ಅಂಟಿಸಿ ಬಂದ. ನೀರಿನದೋ ಚರಂಡಿಯದೋ ಇರಬೇಕು ಎಂದುಕೊಂಡನಂತೆ. ಆ ಹೊತ್ತಿನಲ್ಲಿ ಅಪ್ಪ ಮತ್ತು ಇನ್ನೂ ನಾಲ್ಕು ಜನ ಬಯಲಿನಲ್ಲೇ ಇದ್ದರು. ಅವರ ಕಣ್ಣು ಎಳೆಯ ಮೇಲಿತ್ತು, ಬೆನ್ನು ಗೋಡೆಯ ಕಡೆಗಿತ್ತು.

ಆರನೇ ದಿನ ಭಾನುವಾರ. ಬಟ್ಟೆ ಅಂಗಡಿಯೊಂದರ ಭಾರಿ ರಿಯಾಯಿತಿ ಮಾರಾಟದ ಪೋಸ್ಟರುಗಳನ್ನು ಚಿಕ್ಕಪ್ಪ ಒಪ್ಪಿಕೊಂಡಿದ್ದ. ಒಬ್ಬ ಮನುಷ್ಯನಷ್ಟು ಎತ್ತರದ ಕಾಗದ, ಅದರ ತುಂಬ ನಗುವ ಹೆಂಗಸು. ಉಗ್ರಾಣದ ಗೋಡೆಗೆ ಬಂದಾಗ ಅವನ ಕೈ ತಾನಾಗಿಯೇ ಹಳೆಯ ಕಾಗದ ಇರುವ ಜಾಗ ಹುಡುಕಿತು. ಹುಡುಕಿದ್ದು ಸಿಕ್ಕಿತು. ತನ್ನ ನೋಟೀಸಿನ ಮೇಲೆ ತಾನೇ ಕುಂಚ ಆಡಿಸಿ, ಆ ಹೆಂಗಸನ್ನು ಚೆನ್ನಾಗಿ ಉಜ್ಜಿ ಕೂರಿಸಿ, ಮುಂದಿನ ಗೋಡೆಗೆ ಹೋದ.

ಮೂವತ್ತು ದಿನ ಕಳೆದು ಒಂದು ವಾರಕ್ಕೆ ಬಯಲಿನಲ್ಲಿ ಸಿಮೆಂಟಿನ ಕಂಬಗಳು ಬಂದು ಬಿದ್ದವು. ಅಪ್ಪ, ಓಣಿಯ ಹತ್ತು ಜನ ಕಚೇರಿಗೆ ಓಡಿದರು. ನಾನೂ ಹೋಗಿದ್ದೆ. ಕೋರ್ಟಿನ ಎದುರಿನ ಜಗುಲಿಯಲ್ಲಿ ಒಬ್ಬ ವಕೀಲರ ಹತ್ತಿರ ನಾನು ಬೆರಳಚ್ಚು ಮಾಡುತ್ತೇನೆ. ಕಾಗದದ ಭಾಷೆ ಓಣಿಯಲ್ಲಿ ನನ್ನೊಬ್ಬಳಿಗೇ ಗೊತ್ತು ಎಂದು ಎಲ್ಲರ ನಂಬಿಕೆ. ಗುಮಾಸ್ತ ಕಡತ ತೆರೆದು ನಮ್ಮ ಕಡೆ ತಿರುಗಿಸಿದ. ಮೂವತ್ತು ದಿನ ನೋಟೀಸು ಇತ್ತು, ಒಂದೇ ಒಂದು ತಕರಾರು ಬರಲಿಲ್ಲ, ಜಾಗ ಗುತ್ತಿಗೆಗೆ ಕೊಟ್ಟಾಗಿದೆ.

"ಯಾರು ಹೇಳಿದ್ದು ಇತ್ತು ಅಂತ? ನಾವ್ಯಾರೂ ನೋಡಿಲ್ಲ," ಎಂದು ಒಬ್ಬ ಕೂಗಾಡಿದ.

ಗುಮಾಸ್ತ ಸಹಿಯ ಮೇಲೆ ಬೆರಳಿಟ್ಟ. "ನಿಮ್ಮ ಓಣಿಯವನೇ."

ಅಪ್ಪ ಬಗ್ಗಿ ನೋಡಿದ. ತಮ್ಮನ ಸಹಿ ಅವನಿಗೆ ಗೊತ್ತು. ಅದನ್ನು ಬರೆಯಲು ಕಲಿಸಿದವನು ಅವನೇ. ಕೂಗುತ್ತಿದ್ದವನ ಹೆಗಲ ಮೇಲೆ ಕೈಯಿಟ್ಟ. "ಸುಮ್ನಿರಪ್ಪ. ನನ್ನ ತಮ್ಮ ಅಂಟಿಸಿದೀನಿ ಅಂದ್ರೆ ಅಂಟಿಸಿರ್ತಾನೆ. ಅವನು ಸುಳ್ಳು ಬರೆಯೋನಲ್ಲ. ನಾವೇ ಕಣ್ಣಿದ್ದೂ ಕುರುಡ್ರು. ದಿನಾ ಬೆನ್ನು ತಾಗಿಸ್ತೀವಿ, ಒಂದು ದಿನ ತಿರುಗಿ ನೋಡಿದೀವಾ?"

ಅಲ್ಲಿಗೆ ಮುಗಿಯಿತು. ಓಣಿಯವರು ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ಅವತ್ತು ಸಂಜೆ ಚಿಕ್ಕಪ್ಪ ವಿಷಯ ಕೇಳಿದವನೇ ಬಯಲಿಗೆ ಹೋದ. ಪೋಸ್ಟರಿನ ಹೆಂಗಸು ನಗುತ್ತಲೇ ಇದ್ದಳು. ಮಬ್ಬಾಗುವವರೆಗೂ ಅದರೆದುರು ನಿಂತಿದ್ದನಂತೆ. ಮನೆಗೆ ಬಂದು ಊಟ ಬೇಡ ಎಂದ.

ಅವನಿಗೆ ಆಗಲೇ ಗೊತ್ತಾಗಿತ್ತು. ಆದರೂ ಹನ್ನೊಂದು ದಿನ ಬಾಯಿ ಬಿಡಲಿಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು. ಸುಳ್ಳು ವರದಿಗೆ ಸಹಿ ಹಾಕಿದ್ದೆ ಎಂದರೆ ಕೆಲಸ ಹೋಗುತ್ತದೆ. ಅವನ ಆ ಹನ್ನೊಂದು ದಿನಕ್ಕಾಗಿ ನಾನು ಅವನನ್ನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಈಗ ಅನ್ನಿಸುತ್ತದೆ, ಅಷ್ಟು ದಿನ ಆ ಮನೆಯಲ್ಲಿ ಅವನು ಹೇಗೆ ಉಸಿರಾಡಿದನೋ. ಯಾಕೆಂದರೆ ಓಣಿಯಲ್ಲಿ ಯಾರೂ ಅವನನ್ನು ದೂರಲಿಲ್ಲ. ಎಲ್ಲರೂ ತಮ್ಮನ್ನೇ ದೂರಿಕೊಂಡರು. ಪಕ್ಕದ ಮನೆಯ ಅಜ್ಜಿ ಅವನ ಕೈ ಹಿಡಿದು, "ನೀನೇನೋ ನಿನ್ನ ಕೆಲಸ ಮಾಡಿದೆ ಮಗಾ, ನಾವು ದಡ್ಡ ಮುಂಡೇವು," ಎಂದಳು. ಅವನು ಕೈ ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನಿಗೆ ಬೇಜಾರಾಗಿದೆ ಎಂದುಕೊಂಡೆವು. ಬೈದರೆ ತಡೆದುಕೊಳ್ಳುತ್ತಿದ್ದನೇನೋ, ಆ ಸಮಾಧಾನವನ್ನು ತಡೆದುಕೊಳ್ಳಲು ಆಗಲಿಲ್ಲ.

ಇಲ್ಲಿ ನನ್ನದೂ ಒಂದು ಮಾತಿದೆ, ಹೇಳಿಬಿಡುತ್ತೇನೆ. ನಾವ್ಯಾರೂ ನೋಡಲಿಲ್ಲ ಎಂದು ಓಣಿಯೆಲ್ಲ ಹೇಳಿಕೊಳ್ಳುತ್ತಿತ್ತು. ನಾನು ನೋಡಿದ್ದೆ. ಬುಧವಾರ, ಅಂದರೆ ಎರಡನೇ ದಿನ, ಬಯಲಿನ ತುದಿಯಿಂದ ದೊಡ್ಡ ರಸ್ತೆಗೆ ದಾಟುವಾಗ ಕಣ್ಣಿಗೆ ಬಿತ್ತು. ನಿಂತೆ. ಆದರೆ ಬೆರಳಚ್ಚಿನವಳ ಕಣ್ಣು ಹಾಳು ಕಣ್ಣು. ಎಡಗಡೆ ಅಂಚೇ ಬಿಟ್ಟಿಲ್ಲ, ಸಾಲುಗಳು ಸೊಟ್ಟ, ಶಾಯಿ ಒಂದೆಡೆ ಕಪ್ಪು ಒಂದೆಡೆ ತೆಳು. ಕಚೇರಿಯ ಬೆರಳಚ್ಚಿನವಳ ಕೆಲಸ ನೋಡಿ ಒಳಗೊಳಗೇ ಖುಷಿಪಟ್ಟೆ. ಮೇಲಿನ ಎರಡು ಸಾಲು, ಒಂದು ಸರ್ವೆ ನಂಬರು, ಕೆಳಗಿನ ಮೊಹರು ನೋಡಿ, ತಡವಾಯಿತೆಂದು ಹೊರಟುಹೋದೆ. ಅದು ನಾವು ನಿಂತ ನೆಲದ ನಂಬರು ಎಂದು ನನಗೆ ಹೊಳೆಯಲಿಲ್ಲ. ಅಪ್ಪ ಕಣ್ಣಿದ್ದೂ ಕುರುಡರು ಎಂದಾಗ ನಾನು ಅವನ ಪಕ್ಕದಲ್ಲೇ ನಿಂತಿದ್ದೆ, ನನ್ನ ಬಾಯಿಯೂ ಬಿಗಿದುಕೊಂಡಿತು.

ಕಚೇರಿಗೆ ಹೋಗಿಬಂದ ಒಂಬತ್ತನೇ ದಿನ ಅಪ್ಪ ರಾಟೆಯನ್ನು ಹಳೆ ಸಾಮಾನಿನವನಿಗೆ ಕೊಟ್ಟುಬಿಟ್ಟ. ಅಜ್ಜನ ರಾಟೆ. ಹಿಡಿಕೆಯಲ್ಲಿ ಮೂರು ತಲೆಮಾರಿನ ಅಂಗೈ ಕೂತು ಗುಳಿ ಬಿದ್ದಿತ್ತು. "ನೆಲವೇ ಇಲ್ಲ, ಇದನ್ನ ಇಟ್ಕೊಂಡು ಪೂಜೆ ಮಾಡ್ಲಾ?" ಎಂದ. ಸಾಮಾನಿನವನು ಅದನ್ನು ಬಿಚ್ಚಿ, ಕಬ್ಬಿಣ ಬೇರೆ ಮರ ಬೇರೆ ಮಾಡಿ ಗಾಡಿಗೆ ಹಾಕಿಕೊಂಡ. ಚಿಕ್ಕಪ್ಪ ಹೊಸ್ತಿಲಲ್ಲಿ ನಿಂತು ನೋಡಿದ. ಆಗಲೂ ಹೇಳಲಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ನನ್ನ ಜಗುಲಿಗೆ ಬಂದ. ನಾನು ಆಗ ತಾನೇ ಯಂತ್ರದ ಹೊದಿಕೆ ತೆಗೆಯುತ್ತಿದ್ದೆ. ಕಕ್ಷಿದಾರರು ಕೂರುವ ಸ್ಟೂಲಿನ ಮೇಲೆ ಕೂತು, "ಒಂದು ಕಾಗದ ಹೊಡಿ," ಎಂದ.

"ಏನಂತ?"

"ಆ ನೋಟೀಸು ಆರು ದಿನಾನೂ ಪೂರ್ತಿ ಇರ್ಲಿಲ್ಲ ಅಂತ. ಅದರ ಮೇಲೆ ನಾನೇ ಪೋಸ್ಟರ್ ಹಾಕ್ದೆ ಅಂತ. ಮೊದಲ ದಿನಾನೇ ಎರಡು ಸಹಿ ಹಾಕಿದ್ದೆ ಅಂತ."

ನನಗೆ ಮೈಯೆಲ್ಲ ಉರಿದುಹೋಯಿತು. ಸುತ್ತ ಹತ್ತು ಜನ ಇದ್ದಾರೆ ಎನ್ನುವುದೂ ನೆನಪಾಗಲಿಲ್ಲ. "ಇವತ್ತು ಬಂದು ಹೇಳ್ತೀಯಾ? ರಾಟೆ ಹೋಗೋವರೆಗೂ ಕಾಯ್ತಿದ್ದೆಯಾ? ಅಪ್ಪ ನಿನ್ನ ಮೇಲಿನ ನಂಬಿಕೆಗೆ ಊರ ಮುಂದೆ ತನ್ನನ್ನೇ ಬೈಕೊಂಡ. ನೀನು ಮನುಷ್ಯನೇನೋ ಚಿಕ್ಕಪ್ಪ?" ಎಂದು ಬಾಯಿಗೆ ಬಂದಂತೆ ಅಂದೆ. ಅವನು ತಲೆ ಎತ್ತಲಿಲ್ಲ. ಅವನ ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಬೆಳ್ಳಗೆ ಕಾಣುತ್ತಿತ್ತು. ಬೈಯುವಾಗಲೇ ನನಗೆ ಬುಧವಾರ ನೆನಪಾಯಿತು. ಆದರೂ ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ಬೈದೆ.

ಗಲಾಟೆ ಕೇಳಿ ವಕೀಲರು ಹೊರಗೆ ಬಂದರು. ಎಲ್ಲ ಕೇಳಿಕೊಂಡು ದಪ್ಪ ಪುಸ್ತಕ ತೆರೆದರು.

"ಇದು ದೇಶಕ್ಕೆಲ್ಲ ಒಂದೇ ಕಾನೂನು," ಎಂದರು. "ಜನ ತಲೆತಲಾಂತರದಿಂದ ಕಸುಬಿಗೆ ಬಳಸ್ತಿರೋ ಜಾಗ ಸರ್ಕಾರದ್ದೇ ಆಗಿದ್ರೂ, ಅವರನ್ನ ಕೇಳದೆ ಕೊಡೋ ಹಾಗಿಲ್ಲ. ಅವರು ಕೆಲಸ ಮಾಡೋ ಕಡೇನೇ ಮೂವತ್ತು ದಿನ ನೋಟೀಸು ಕಾಣಬೇಕು. ಹತ್ತು ಜನ ಬೇಡ ಅಂದ್ರೆ ವಿಚಾರಣೆ ಆಗಲೇಬೇಕು. ಒಂದು ದಿನ ಕಡಿಮೆ ಕಂಡಿದ್ರೂ ಗುತ್ತಿಗೆ ರದ್ದು. ಎಲ್ಲೋ ದೂರದಲ್ಲಿ ಕೂತು ಬರೆದೋರಿಗೆ ನಿಮ್ಮ ಓಣಿ ಇದೆ ಅಂತಾನೂ ಗೊತ್ತಿಲ್ಲ, ಆದ್ರೂ ನಿಮಗೋಸ್ಕರಾನೇ ಬರೆದಂಗಿದೆ ನೋಡಿ. ಆದ್ರೆ ಕಾಣಿಸ್ತಿರಲಿಲ್ಲ ಅಂತ ಸಾಬೀತು ಮಾಡ್ಬೇಕು. ಅದನ್ನ ಹೇಳಬಲ್ಲವನು ಇವನೊಬ್ಬನೇ." ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದರು. "ಕೆಲಸ ಹೋಗುತ್ತೆ. ಗೊತ್ತಲ್ವಾ?"

"ಗೊತ್ತು ಸ್ವಾಮಿ."

ನಾನು ಟೈಪು ಮಾಡಿದೆ. ಅಂಚು ಸರಿಯಾಗಿ ಬಿಟ್ಟೆ, ಸಾಲು ನೇರ ಇಟ್ಟೆ. ಅವನು ಸಹಿ ಹಾಕುವ ಮೊದಲು ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದ. ಅವನು ಒಂದು ಕಾಗದವನ್ನು ಹಾಗೆ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವತ್ತು ಸಂಜೆ ಅಪ್ಪನಿಗೆ ಅವನೇ ಹೇಳಿದ. ಅಪ್ಪ ಕೂಗಾಡುತ್ತಾನೆ ಎಂದು ನಾನೂ ಅಮ್ಮನೂ ಬಾಗಿಲಲ್ಲೇ ನಿಂತಿದ್ದೆವು. ಅಪ್ಪ ಕೂಗಾಡಲಿಲ್ಲ. "ನನ್ನ ಕೈಯಾರೆ ಅಪ್ಪನ ರಾಟೆ ಕೊಡಿಸ್ಬಿಟ್ಟೆಯಲ್ಲೋ," ಎಂದ. ಅಷ್ಟೇ. ಅಲ್ಲಿಂದಾಚೆ ತಮ್ಮನ ಜೊತೆ ಮಾತು ಬಿಟ್ಟ. ತಟ್ಟೆ ಮಾತ್ರ ದಿನಾ ಎರಡು ಹಾಕಿಸುತ್ತಿದ್ದ.

ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ಹೆಂಗಸು ಬಂದರು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಹೆಚ್ಚು ಮಾತಿಲ್ಲ. ಓಣಿಯವರೆಲ್ಲ ಬಯಲಿನಲ್ಲಿ ಸೇರಿದ್ದೆವು, ಕಂಪನಿಯ ಕಡೆಯವನೊಬ್ಬ ಇದ್ದ, ಗುಮಾಸ್ತ ಇದ್ದ. ಗುಮಾಸ್ತನಿಗೆ ಒಳಗೊಳಗೇ ಪುಕಪುಕ. "ಪೋಸ್ಟರನ್ನ ಮೂವತ್ತು ದಿನ ಆದಮೇಲೂ ಹಾಕಿರಬಹುದು ಮೇಡಂ. ಇವನು ಈಗ ತನ್ನ ಓಣಿಯವರ ಪರ ಮಾತಾಡ್ತಿದಾನೆ," ಎಂದ.

ಮೇಡಂ ಚಿಕ್ಕಪ್ಪನನ್ನು ನೋಡಿದರು. "ಕೆಳಗಿನದು ಹರಿಯದ ಹಾಗೆ ಮೇಲಿನದನ್ನ ತೆಗೀತೀರಾ?"

"ಹೊತ್ತಾಗುತ್ತೆ," ಎಂದ ಚಿಕ್ಕಪ್ಪ.

ಹೊತ್ತೇ ಆಯಿತು. ಬಿಸಿನೀರು, ಹಳೆ ಬಟ್ಟೆ, ಒಂದು ತೆಳು ತಗಡಿನ ಪಟ್ಟಿ. ಬಟ್ಟೆ ಅದ್ದಿ ಒತ್ತುವನು, ಕಾಯುವನು, ಒಂದು ಬೆರಳಿನಷ್ಟು ಎಬ್ಬಿಸುವನು, ಮತ್ತೆ ಒತ್ತುವನು. ಮೂವತ್ತೊಂದು ವರ್ಷ ಬಿಡಬಾರದೆಂದು ಅಂಟಿಸಿದ ಕೈ, ಈಗ ಬಿಡಲೆಂದು ಬೇಡಿಕೊಳ್ಳುವಂತಿತ್ತು. ಅವನ ಅಂಟು ಅವನ ಮಾತನ್ನೇ ಕೇಳಲಿಲ್ಲ. ಬಿಸಿಲೇರಿತು, ಕೆಮ್ಮು ಬಂತು, ಯಾರೋ ನೀರು ಕೊಟ್ಟರೆ ಬೇಡ ಎಂದ. ಎರಡು ಗಂಟೆಯ ಮೇಲೆ ಪೋಸ್ಟರಿನ ಹೆಂಗಸು ಸುರುಳಿಯಾಗಿ ಕೆಳಗಿಳಿದಳು. ಅವಳ ಕೆಳಗೆ ಸರ್ಕಾರದ ಮೊಹರು, ಸೊಟ್ಟ ಸಾಲು ಎಲ್ಲ ಹಾಗೇ ಇತ್ತು, ಕಾಗದ ಹೊಸದರಂತೆ ಬೆಳ್ಳಗಿತ್ತು.

ಮೇಡಂ ಕಚೇರಿಯ ಗೇಟಿನ ಪಕ್ಕದ ಪ್ರತಿಯನ್ನು ಗೋಡೆಯ ಗಾರೆ ಸಮೇತ ಕೆತ್ತಿಸಿ ತರಿಸಿದ್ದರು. ಎರಡನ್ನೂ ಅಕ್ಕಪಕ್ಕ ನೋಡಿದರು. ಬಿಸಿಲು ಕಂಡದ್ದು ಹಳದಿಯಾಗಿ ಅಕ್ಷರ ಮಾಸಿತ್ತು. ಪೋಸ್ಟರಿನ ಮೇಲಿದ್ದ ಮಾರಾಟದ ತಾರೀಖನ್ನೂ ಬರೆದುಕೊಂಡರು, ಅದು ಆ ಮೂವತ್ತು ದಿನದೊಳಗೇ ಬರುತ್ತಿತ್ತು. ಮುಗಿದುಹೋದ ಮಾರಾಟಕ್ಕೆ ಯಾವ ಅಂಗಡಿಯವನೂ ಪೋಸ್ಟರು ಹಾಕಿಸುವುದಿಲ್ಲ. ಗುಮಾಸ್ತ ಬೆವರು ಒರೆಸಿಕೊಂಡ.

ಆಮೇಲೆ ಮೇಡಂ ನಮ್ಮ ಕಡೆ ತಿರುಗಿದರು. "ಮೊದಲ ಐದು ದಿನ ಇದು ಕಾಣಿಸ್ತಿತ್ತು. ಆಗ ನಿಮ್ಮಲ್ಲಿ ಯಾರಾದ್ರೂ ಓದಿದ್ರಾ? ಒಬ್ಬೊಬ್ಬರಾಗಿ ಹೇಳಿ. ಪ್ರಮಾಣ ಮಾಡಿದೀರಿ, ನೆನಪಿರ್ಲಿ."

ಕಂಪನಿಯವನು ಕಿವಿ ನಿಮಿರಿಸಿದ. ಯಾರಾದರೂ ಓದಿದ್ದೆ ಎಂದರೆ, ಗೊತ್ತಿದ್ದೂ ಸುಮ್ಮನಿದ್ದರು ಎಂದು ಅದನ್ನೇ ಹಿಡಿದುಕೊಳ್ಳುತ್ತಾರೆ ಎಂದು ವಕೀಲರು ಮೊದಲೇ ಹೇಳಿದ್ದರು. ಅಜ್ಜಿ ಇಲ್ಲ ಎಂದಳು. ಅಪ್ಪ ಇಲ್ಲ ಎಂದ, ನಾಚಿಕೆಯಿಂದ ಎಂದ. ನನ್ನ ಸರದಿ ಬಂತು. ಚಿಕ್ಕಪ್ಪ ಒದ್ದೆ ಬಟ್ಟೆ ಹಿಂಡುತ್ತಾ ನನ್ನನ್ನೇ ನೋಡುತ್ತಿದ್ದ.

"ಇಲ್ಲ," ಎಂದೆ.

ಗುತ್ತಿಗೆ ರದ್ದಾಯಿತು. ಹೊಸದಾಗಿ ನೋಟೀಸು ಬಂತು, ಬೇರೊಬ್ಬ ಜವಾನ ಅಂಟಿಸಿದ. ಅವನ ಅಂಟು ನೀರುನೀರು, ಮೂರೇ ದಿನಕ್ಕೆ ಮೂಲೆ ಬಿಟ್ಟಿತು. ಮೂವತ್ತು ದಿನವೂ ಓಣಿಯವರು ಸರದಿಯ ಮೇಲೆ ಹೋಗಿ ಅದನ್ನು ಕಾದರು, ಓದು ಬಾರದವರಿಗೆ ಜೋರಾಗಿ ಓದಿ ಹೇಳಿದರು. ಐವತ್ತಾರು ತಕರಾರು ನಾನೇ ಟೈಪು ಮಾಡಿದೆ. ವಿಚಾರಣೆ ನಡೆದು, ಆ ಬಯಲು ಹಗ್ಗದವರ ಬಳಕೆಯ ಜಾಗ ಎಂದು ಸರ್ಕಾರದ ಪುಸ್ತಕದಲ್ಲಿ ದಾಖಲಾಯಿತು. ಇನ್ನು ಯಾರ ಬಾಯಿಮಾತೂ ಬೇಕಿಲ್ಲ. ಸಿಮೆಂಟಿನ ಕಂಬಗಳು ಬಂದ ದಾರಿಯಲ್ಲೇ ಹೋದವು. ಗುಮಾಸ್ತನನ್ನು ಬೇರೆ ಕಡೆ ಹಾಕಿದರು. ಚಿಕ್ಕಪ್ಪನನ್ನು ಕೆಲಸದಿಂದ ತೆಗೆದರು. ಸುಳ್ಳು ಸಹಿಗೆ ಒಂದು ಕಾನೂನು, ನಮ್ಮ ನೆಲಕ್ಕೆ ಒಂದು ಕಾನೂನು. ಎರಡೂ ಸರಿಯಾಗಿಯೇ ನಡೆದವು, ತಕರಾರು ಹೇಳುವಂತಿಲ್ಲ.

ಅಪ್ಪ ಎಲ್ಲಿಂದಲೋ ಒಂದು ರಾಟೆ ಎರವಲು ತಂದ. ಅದು ತಿರುಗಿದಾಗಲೆಲ್ಲ ಕಿರ್ರೆನ್ನುತ್ತದೆ, ಅಜ್ಜನದು ಹಾಗನ್ನುತ್ತಿರಲಿಲ್ಲ. ತಿರುಗಿಸುವವರು ಬೇಕಿತ್ತು. ಒಂದು ಬೆಳಿಗ್ಗೆ ಚಿಕ್ಕಪ್ಪ ಹೋಗಿ ರಾಟೆಯ ಪಕ್ಕ ನಿಂತ. ಅಪ್ಪ ಅವನನ್ನು ನೋಡಿದ. ಸೊಂಟಕ್ಕೆ ನಾರು ಸುತ್ತಿಕೊಂಡು ಎಳೆಯ ಮೊದಲನ್ನು ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆ ಹೆಜ್ಜೆ ಹಾಕಿದ. ಐವತ್ತು ಹೆಜ್ಜೆ ಹೋದ ಮೇಲೆ, "ಜೋರಾಗಿ ತಿರುಗ್ಸೋ!" ಎಂದು ಕೂಗಿದ. ಆರು ತಿಂಗಳ ಮೇಲೆ ತಮ್ಮನಿಗೆ ಅಂದ ಮೊದಲ ಮಾತು ಅದು. ಚಿಕ್ಕಪ್ಪ ಜೋರಾಗಿ ತಿರುಗಿಸಿದ.

ಹೋದ ವಾರ ಕೋರ್ಟಿಗೆ ರಜೆ. ನಾನು ಅವರಿಗೆ ಚಹಾ ತೆಗೆದುಕೊಂಡು ಬಯಲಿಗೆ ಹೋದೆ. ಅಪ್ಪ ಅಷ್ಟು ದೂರದಲ್ಲಿದ್ದ, ಮಾತು ಕೇಳಿಸುವಷ್ಟು ಹತ್ತಿರ ಇರಲಿಲ್ಲ. ಚಿಕ್ಕಪ್ಪ ಒಂದು ಕೈಯಲ್ಲಿ ರಾಟೆ ತಿರುಗಿಸುತ್ತಲೇ ಲೋಟ ತೆಗೆದುಕೊಂಡ. ಅವನ ಉಗುರುಗಳು ಸ್ವಚ್ಛವಾಗಿದ್ದವು.

"ಅವತ್ತು ಜಗುಲೀಲಿ ನಾನು ಹಾಗೆಲ್ಲ ಅನ್ನಬಾರದಿತ್ತು ಚಿಕ್ಕಪ್ಪ," ಎಂದೆ.

"ಅಂದಿದ್ದು ಸರಿಯಾಗೇ ಇತ್ತು ಬಿಡು."

"ಇಲ್ಲ, ನಿಂಗೊತ್ತಿಲ್ಲ. ನಾನು..."

"ಬುಧವಾರ," ಎಂದ ಚಿಕ್ಕಪ್ಪ. ಅವನ ಕಣ್ಣು ಎಳೆಯ ಮೇಲೇ ಇತ್ತು. "ನೀನು ನೀಲಿ ಛತ್ರಿ ಹಿಡ್ಕೊಂಡಿದ್ದೆ. ಮೂಲೆ ಸರಿಯಾಗಿ ಕೂತಿದೆಯಾ ನೋಡೋಣ ಅಂತ ನಾನು ಆ ಕಡೆ ಬಂದೆ. ನೀನು ಗೋಡೆ ಮುಂದೆ ನಿಂತಿದ್ದೆ. ಸದ್ಯ, ನಮ್ಮ ಮನೇಲಿ ಓದೋಳು ಒಬ್ಬಳಾದ್ರೂ ಓದಿದ್ಲು, ಏನಾದ್ರೂ ಬೇಕಾದ್ದಿದ್ರೆ ಅವಳೇ ಹೇಳ್ತಾಳೆ ಅಂದ್ಕೊಂಡು ಹೊರಟುಹೋದೆ."

ಅಪ್ಪನ ಲೋಟವನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದೆ: "ಮೇಡಂ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ತಪ್ಪು ಒಪ್ಕೊಳ್ಳೋಕೆ ಒಂದು ಮನೆಯಿಂದ ಒಬ್ಬ ಸಾಕು."

ಅಷ್ಟು ಹೇಳಿ ಖಾಲಿ ಲೋಟ ನನಗೆ ಕೊಟ್ಟು ಎರಡೂ ಕೈಯಲ್ಲಿ ಹಿಡಿಕೆ ಹಿಡಿದ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಪ್ಪನ ಚಹಾ ಆರುತ್ತಿತ್ತು. ಅದನ್ನು ಹಿಡಿದು ನಾನು ಬಯಲಿನ ಉದ್ದಕ್ಕೂ ನಡೆದೆ. ಅಪ್ಪ ನನ್ನ ಕಡೆ ಮುಖ ಮಾಡಿ, ಎಳೆಯನ್ನೇ ನೋಡುತ್ತಾ ಹಿಂದಕ್ಕೆ ಹೋಗುತ್ತಲೇ ಇದ್ದ, ಎಷ್ಟು ನಡೆದರೂ ಹತ್ತಿರವಾಗಲಿಲ್ಲ. ಅವನ ಬೆನ್ನು ಗೋಡೆಗೆ ತಾಗಿದಾಗ ಲೋಟ ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, "ನೀನೊಬ್ಬಳು ಇಲ್ದಿದ್ರೆ ಈ ನೆಲ ಉಳೀತಿರಲಿಲ್ಲ ಮಗಳೇ," ಎಂದ. ಅವನಿಗೆ ನಾನು ಇನ್ನೂ ಹೇಳಿಲ್ಲ.